ಎಪಾಕ್ಸಿ ನೆಲ: ಡಬ್ಬಿ ಬಿಚ್ಚುವ ಮುಂಚಿನ ಕೆಲಸವೇ ದೊಡ್ಡದು

ಗ್ಯಾರೇಜು, ವರ್ಕ್‌ಶಾಪು, ಗೋದಾಮುಗಳ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ ಹಾಕಿಸಿದವರ ದೂರು ಹೆಚ್ಚಾಗಿ ಒಂದೇ: ಕೆಲವೇ ತಿಂಗಳಲ್ಲಿ ಹಪ್ಪಳೆ ಎದ್ದು ಬಂತು. ಎದ್ದ ಚೂರೊಂದನ್ನು ತಿರುಗಿಸಿ ನೋಡಿ. ಅಡಿಯಲ್ಲಿ ಬೂದುಬಣ್ಣದ ಸಿಮೆಂಟ್ ಪುಡಿ ಮೆತ್ತಿಕೊಂಡಿದ್ದರೆ ಎಪಾಕ್ಸಿಯ ಹಿಡಿತ ಸೋತಿಲ್ಲ, ಅದು ಹಿಡಿದುಕೊಂಡಿದ್ದ ನೆಲದ ಮೇಲ್ಪದರವೇ ಕಿತ್ತು ಬಂದಿದೆ.

1. ಹೊಸ ಕಾಂಕ್ರೀಟಿಗೆ 28 ದಿನ ಬಿಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ.

2. ತೇವ ಪರೀಕ್ಷಿಸಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಅಡಿ ಹನಿ ಕಟ್ಟಿದ್ದರೆ, ನೆಲ ಕಪ್ಪಾಗಿದ್ದರೆ ಕೆಲಸ ಮುಂದೂಡಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ನೆಲಮಹಡಿಗೆ ಎಪಾಕ್ಸಿ ಹಾಕುವ ಆತುರ ಬೇಡವೇ ಬೇಡ. ಮಣ್ಣಿನಿಂದ ಏರುವ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದಾಗ ಅದು ಪದರವನ್ನೇ ಎತ್ತುತ್ತದೆ.

3. ಎಣ್ಣೆ ಕಲೆಯನ್ನು ಮೊದಲು ಡಿಗ್ರೀಸರ್ ಹಾಕಿ ತೊಳೆದು, ನಂತರ ಡೈಮಂಡ್ ಗ್ರೈಂಡರ್ ಓಡಿಸಿ. ಕಾಂಕ್ರೀಟ್ ಹಾಕುವಾಗ ಮೇಲೆ ತೇಲಿ ಬಂದು ಗಟ್ಟಿಯಾದ ಸಿಮೆಂಟ್ ಹಾಲಿನ ತೆಳು ಪೊರೆ ಪೂರ್ತಿ ಹೋಗಬೇಕು. ಕೈಯಾಡಿಸಿದರೆ ಮರಳು ಕಾಗದದಂತೆ ತರಿ ಸಿಗಬೇಕು. ಅಲ್ಲಲ್ಲಿ ನೀರಿನ ಹನಿ ಬಿಡಿ: ಹೀರಿಕೊಂಡರೆ ಸರಿ, ಮಣಿಯಂತೆ ನಿಂತರೆ ಎಣ್ಣೆಯೋ ಮೇಣವೋ ಇನ್ನೂ ಇದೆ. ಮೇಣ ತಿಕ್ಕಿ ಹೊಳಪು ಬರಿಸಿದ ರೆಡ್ ಆಕ್ಸೈಡ್ ನೆಲಕ್ಕೂ ಇದೇ ಮಾತು. ದೂಳನ್ನು ಪೊರಕೆಯಿಂದ ಗುಡಿಸದೆ ವ್ಯಾಕ್ಯೂಮ್‌ನಿಂದ ಎಳೆಯಿರಿ. ದುಬಾರಿ ರೆಸಿನ್‌ಗೆ ಹಾಕುವ ಹೆಚ್ಚುವರಿ ಹಣವನ್ನು ಈ ಗ್ರೈಂಡಿಂಗ್‌ಗೆ ಹಾಕಿ ಎಂದೇ ನನ್ನ ಸಲಹೆ.

4. ಲೆಕ್ಕ ಹಾಕಿ ಕೊಳ್ಳಿ. ದ್ರಾವಕವಿಲ್ಲದ ಎಪಾಕ್ಸಿ ಒಂದು ಲೀಟರಿಗೆ ಒಂದು ಚದರ ಮೀಟರಿನಲ್ಲಿ 1 ಮಿಲಿಮೀಟರ್ ದಪ್ಪ ನಿಲ್ಲುತ್ತದೆ. ಹತ್ತಡಿ ಚೌಕದ ಕೋಣೆಗೆ 0.3 ಮಿಲಿಮೀಟರ್ ಬೇಕೆಂದರೆ ಸುಮಾರು 2.8 ಲೀಟರ್. ನೆಲ ಹೀರುವುದು, ರೋಲರಿನಲ್ಲಿ ಉಳಿಯುವುದು ಬೇರೆ.

5. ಎಪಾಕ್ಸಿಯ ಎರಡು ಭಾಗಗಳಾದ ರೆಸಿನ್, ಹಾರ್ಡನರ್ ಅಳತೆಯಲ್ಲಿ ಕಣ್ಣಂದಾಜು ನಡೆಯದು. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಜಾಸ್ತಿ ಸುರಿಯುವವರಿದ್ದಾರೆ. ಅದು ರೆಸಿನ್ ಜೊತೆ ಸೇರಿ ಪದರದ ಭಾಗವೇ ಆಗುವ ವಸ್ತು. ಹೆಚ್ಚಾದದ್ದು ಜೊತೆ ಸಿಗದೆ ಉಳಿದು ನೆಲವನ್ನು ಮೆತ್ತಗೆ, ಅಂಟಂಟಾಗಿ ಮಾಡುತ್ತದೆ. ನಿಧಾನವಾಗಿ ತಿರುಗುವ ಡ್ರಿಲ್‌ಗೆ ಪ್ಯಾಡಲ್ ಸಿಕ್ಕಿಸಿ ಮೂರು ನಿಮಿಷ ಕಲಸಿ, ಬಕೆಟ್ಟಿನ ಗೋಡೆ, ತಳ ಕೆರೆದು, ಇನ್ನೊಂದು ಬಕೆಟ್ಟಿಗೆ ಸುರಿದು ಮತ್ತೆ ಕಲಸಿ. ಇಲ್ಲವಾದರೆ ತಳದಲ್ಲಿ ಬೆರೆಯದೆ ಉಳಿದದ್ದು ನೆಲದ ಮೇಲೆ ಎಂದೂ ಒಣಗದ ಮಚ್ಚೆಯಾಗುತ್ತದೆ.

6. ಕಲಸಿದ್ದನ್ನು ತಕ್ಷಣ ನೆಲಕ್ಕೆ ಸುರಿದು ಹರಡಿ. ಬಕೆಟ್ಟಿನಲ್ಲಿ ಒಟ್ಟಿಗಿದ್ದಷ್ಟೂ ಅದು ತನ್ನದೇ ಬಿಸಿಗೆ ಬೇಗ ಗಟ್ಟಿಯಾಗುತ್ತದೆ, ಹೊಗೆಯೂ ಬರಬಹುದು.

7. ನೆಲ ತಣಿಯುವ ಸಂಜೆ ಹೊತ್ತು ಆರಿಸಿಕೊಳ್ಳಿ. ಬೆಳಗ್ಗೆ ನೆಲ ಕಾಯುತ್ತಾ ಹೋದಂತೆ ಕಾಂಕ್ರೀಟಿನ ರಂಧ್ರಗಳ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಆದರೆ ನೆಲದ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶಕ್ಕಿಂತ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಲಿ.

8. ಎರಡನೇ ಕೋಟ್‌ಗೆ ಮುಂಚೆ ನೆಲ ಮುಟ್ಟಿ ನೋಡಿ. ಮೇಣದಂಥ ಜಿಡ್ಡು ಸಿಕ್ಕರೆ ಅದು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹಾರ್ಡನರ್ ಜೊತೆ ಸೇರಿ ಆದದ್ದು. ಸೋಪಿನ ಬೆಚ್ಚಗಿನ ನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಜಿಡ್ಡು ಹರಡುತ್ತದಷ್ಟೆ.

9. ಕೆಲಸದವರಿಗೆ ನೈಟ್ರೈಲ್ ಕೈಗವಸು ಕೊಡಿಸಿ. ಕಿಟಕಿಗಳನ್ನು ತೆರೆದಿಡಿ. ಕೈಗೆ ತಾಗಿದ್ದನ್ನು ಥಿನ್ನರಿನಿಂದ ಒರೆಸಬಾರದು, ಸೋಪು ಹಚ್ಚಿ ತೊಳೆಯಬೇಕು. ಎಪಾಕ್ಸಿ ಅಲರ್ಜಿ ಒಮ್ಮೆ ಅಂಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಈ ಕೆಲಸದಿಂದಲೇ ಹೊಟ್ಟೆ ಹೊರೆಯುವವರ ಪಾಲಿಗೆ ಅದು ಕಸುಬನ್ನೇ ಕಿತ್ತುಕೊಂಡಂತೆ.

10. ಬಿಸಿಲು ಬೀಳುವ ಬಾಗಿಲ ಬಳಿ ಎಪಾಕ್ಸಿ ಹಳದಿಯಾಗುತ್ತದೆ. ಅಲ್ಲಿ ಮೇಲೆ ಬಿಸಿಲು ತಾಳುವ ಪಾಲಿಯುರೆಥೇನ್ ಕೋಟು ಕೊಡಿ. ಮರುದಿನ ಮೆಲ್ಲಗೆ ನಡೆದಾಡಬಹುದು, ವಾಹನ ನಿಲ್ಲಿಸಲು ಒಂದು ವಾರ ಕಾಯಿರಿ.