ಹೂ ಬಿಟ್ಟರೂ ಕಾಯಿ ಕಚ್ಚದ ಪ್ಲಮ್ ಮರ

ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕ ಫೆಬ್ರವರಿಯಲ್ಲಿ ಒಂದು ಫೋಟೋ ಕಳಿಸಿದ್ಲು. ಹಿತ್ತಲಿನ ಪ್ಲಮ್ ಮರದ ಮೈತುಂಬಾ ಬಿಳಿ ಹೂ. "ಮೂರು ವರ್ಷದಿಂದ ಇಷ್ಟೇ, ಒಂದು ಕಾಯೂ ಇಲ್ಲ. ಈ ಸಲ ಕಡಿಸಿಬಿಡ್ತೀವಿ" ಅಂದ್ಲು. ತಾಳು, ಮೊದಲು ಡೀಬಗ್ ಮಾಡೋಣ ಅಂದೆ.

ಹಂತ 1: ಇದು ಯಾವ ಪ್ಲಮ್?

ಅಲ್ಲಿನ ಹಿತ್ತಲುಗಳಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ. ಎಲೆ ನೇರಳೆಗೆಂಪು ಇದ್ದರೆ ಅದು ಅಂದಕ್ಕಾಗಿ ಬೆಳೆಸುವ ಚೆರ್ರಿ ಪ್ಲಮ್. ಹಣ್ಣು ಬಿಟ್ಟರೂ ಚಿಕ್ಕದು. ಯುರೋಪಿಯನ್ ಪ್ಲಮ್ ಹಣ್ಣು ಸಾಮಾನ್ಯವಾಗಿ ಮೊಟ್ಟೆಯಾಕಾರ. ಒಂದು ಮೊಗ್ಗಿನಿಂದ ಒಂದೋ ಎರಡೋ ಹೂ. ಜಪಾನೀ ಪ್ಲಮ್ ಹಣ್ಣು ದುಂಡಗೆ, ರಸ ಜಾಸ್ತಿ. ಒಂದು ಮೊಗ್ಗಿಗೆ ಹೆಚ್ಚಾಗಿ ಮೂರು ಹೂ, ಅರಳೋದೂ ಬೇಗ. ಅಕ್ಕ ಎಣಿಸಿದ್ಲು: ಮೂರು. ಅಂದರೆ ಜಪಾನೀ.

ಹಂತ 2: ಚಳಿ ಸಾಕಾಯ್ತಾ?

ಪ್ಲಮ್ ಮರದೊಳಗೆ ಒಂದು ಕೌಂಟರ್ ಇದೆ ಅಂದ್ಕೊಳ್ಳಿ. ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗಿನ ಗಂಟೆಗಳನ್ನು ಅದು ಕೂಡಿಸುತ್ತಾ ಹೋಗುತ್ತೆ. ತಳಿಗೆ ಬೇಕಾದಷ್ಟು ಗಂಟೆ ತುಂಬದಿದ್ದರೆ ಮೊಗ್ಗು ಸರಿಯಾಗಿ ಒಡೆಯೋದಿಲ್ಲ. ಬೆಂಗಳೂರಿನಲ್ಲಿ ಪ್ಲಮ್ ನೆಟ್ಟರೆ ಫಲ ಸಿಗೋದು ಕಷ್ಟ, ನೀಲಗಿರಿಯಲ್ಲಿ ಸಿಗುತ್ತೆ, ಕಾರಣ ಇದೇ. ಅಕ್ಕನ ಮರ ತುಂಬಾ ಹೂ ಬಿಟ್ಟಿತ್ತು, ಹಾಗಾಗಿ ಈ ಟೆಸ್ಟ್ ಪಾಸ್.

ಹಂತ 3: ಜೊತೆಗಾರ ಇದ್ದಾನಾ?

ಬಹಳಷ್ಟು ಜಪಾನೀ ತಳಿಗಳಿಗೆ ತಮ್ಮದೇ ಪರಾಗ ಆಗಿಬರೋದಿಲ್ಲ, ಬೇರೆ ತಳಿಯದು ಬೇಕು. ಪಕ್ಕದ ಮನೆಯಲ್ಲಿ ಪ್ಲಮ್ ಇತ್ತು, ಆದರೆ ಯುರೋಪಿಯನ್. ಅದಕ್ಕೆ 48 ವರ್ಣತಂತು, ಜಪಾನೀಗೆ 16. ಅರಳುವ ಕಾಲವೂ ಬೇರೆ. ಬಗ್ ಇಲ್ಲಿತ್ತು.

ಪ್ರಯೋಗ

ಗೆಳತಿಯ ಮನೆಯಲ್ಲಿ ಸಾಂಟಾ ರೋಸಾ ಮರವಿತ್ತು. ಲೂಥರ್ ಬರ್ಬ್ಯಾಂಕ್ 1906ರಲ್ಲಿ ಹೊರತಂದ ಜಪಾನೀ ಬಗೆಯ ತಳಿ. ಅದರ ಹೂಬಿಟ್ಟ ನಾಲ್ಕು ಕೊಂಬೆ ಕತ್ತರಿಸಿ, ನೀರಿನ ಬಕೆಟ್‌ನಲ್ಲಿಟ್ಟು, ತನ್ನ ಮರದ ಕೆಳಗಿಟ್ಟಳು. ಉಳಿದ ಕೆಲಸ ಜೇನ್ನೊಣಗಳದ್ದು. ಏಪ್ರಿಲ್‌ನಲ್ಲಿ ಬಕೆಟ್ ಹತ್ತಿರದ ಕೊಂಬೆಗಳಲ್ಲಿ ಹಸಿರು ಕಾಯಿ!

ಪ್ರತಿ ವರ್ಷ ಬಕೆಟ್ ಬೇಕಿಲ್ಲ. ಚಳಿಗಾಲದ ಕೊನೆಯಲ್ಲಿ ಸಾಂಟಾ ರೋಸಾದ ಒಂದು ಕಡ್ಡಿಯನ್ನು ಇದೇ ಮರಕ್ಕೆ ಕಸಿ ಕಟ್ಟಿದರೆ ಜೊತೆಗಾರ ಮರದಲ್ಲೇ ಇರ್ತಾನೆ. ಕಾಯಿ ಒತ್ತಾಗಿ ಕಚ್ಚಿದರೆ ನಾಲ್ಕೈದು ಇಂಚಿಗೊಂದು ಬಿಟ್ಟು ಉಳಿದದ್ದು ಕಿತ್ತುಹಾಕಿ. ಹಣ್ಣು ದಪ್ಪವಾಗುತ್ತೆ, ಕೊಂಬೆ ಮುರಿಯೋದಿಲ್ಲ.

ಮರ ಕಡಿಯೋ ಮಾತು ಈಗ ಅಕ್ಕನ ಮನೆಯಲ್ಲಿ ಯಾರೂ ಎತ್ತಲ್ಲ.