ವೈದ್ಯರು ಕಲಿಯಬೇಕಾದ ಮಾತು

1901ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಸೇರಿಸಿದರು. ಅಲ್ಲಿಯ ವೈದ್ಯನಾದ ಆಲೋಯಿಸ್ ಆಲ್‌ಜೈಮರ್ ಆಕೆಯನ್ನು ಒಂದೊಂದೇ ಪ್ರಶ್ನೆ ಕೇಳಿ, ಉತ್ತರಗಳನ್ನು ಬರೆದಿಟ್ಟುಕೊಂಡನು. ಗಂಡನ ಹೆಸರೇನೆಂದರೆ ಆಕೆ ತನ್ನ ಹೆಸರನ್ನೇ ಹೇಳಿದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆತನು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇಂದು ತನ್ನ ಹೆಸರಿನಿಂದಲೇ ಪ್ರಸಿದ್ಧವಾಗಿರುವ ರೋಗವನ್ನು ವರ್ಣಿಸಿದನು. ಸೂಕ್ಷ್ಮದರ್ಶಕಕ್ಕೆ ಮೊದಲು ನಡೆದದ್ದು ಸಂಭಾಷಣೆ ಎಂಬುದನ್ನು ಮಾತ್ರ ನಾವು ಸುಲಭವಾಗಿ ಮರೆಯುತ್ತೇವೆ.

ಡಿಮೆನ್ಷಿಯ ಎಂಬುದು ಒಂದೇ ರೋಗವಲ್ಲ. ಹಲವು ಕಾರಣಗಳಿಂದ ನೆನಪು, ವಿವೇಚನೆ, ಭಾಷೆ ಇವು ಕ್ರಮೇಣ ಕುಂದುವ ಸ್ಥಿತಿಗೆ ಆ ಹೆಸರಿದೆ. ಅವುಗಳಲ್ಲಿ ಆಲ್‌ಜೈಮರ್ ರೋಗವೇ ಹೆಚ್ಚು ಸಾಮಾನ್ಯವಾದುದು. ಹೊಸ ಅನುಭವಗಳನ್ನು ನೆನಪಾಗಿ ನೆಲೆಗೊಳಿಸುವ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗವು ಈ ರೋಗದಲ್ಲಿ ಬಹು ಬೇಗನೆ ಕೆಡುತ್ತದೆ. ಈಗತಾನೆ ಉಂಡು ಕೈತೊಳೆದ ಮುದುಕಿಯು ‘ನನಗಿನ್ನೂ ಊಟ ಹಾಕಲಿಲ್ಲ’ ಎಂದರೆ ಅದು ಹಟವೂ ಅಲ್ಲ, ಸುಳ್ಳೂ ಅಲ್ಲ. ಆ ಊಟ ಆಕೆಯ ನೆನಪಿನಲ್ಲಿ ನಿಲ್ಲಲೇ ಇಲ್ಲ.

ಹಾಗಾದರೆ, ಮರೆತುಹೋಗುವ ಮಾತನ್ನು ಹೇಗೆ ಆಡಿದರೇನು ಎಂದು ಯಾರಾದರೂ ಕೇಳಬಹುದು. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅವರು 17 ಮಂದಿ ಆಲ್‌ಜೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರಗಳ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ರೋಗಿಗಳು ಕಂಡದ್ದರಲ್ಲಿ ಬಹುಭಾಗವನ್ನು ಮರೆತಿದ್ದರು. ಆದರೆ ಚಿತ್ರವು ಎಬ್ಬಿಸಿದ ಭಾವ 30 ನಿಮಿಷಗಳವರೆಗೂ ಅವರಲ್ಲಿ ಉಳಿದಿತ್ತು. ಗದರಿದವರಾರು, ಏಕೆ ಗದರಿದರು ಎಂಬುದು ಅಳಿಸಿಹೋದರೂ ನೋವು ಉಳಿಯಬಲ್ಲುದು.

ಗದರಿಕೆಯಂತೆಯೇ ಅತಿಯಾದ ಮುದ್ದೂ ತೊಂದರೆ ಮಾಡುತ್ತದೆ. ಅಮೆರಿಕದ ವೃದ್ಧರ ಶುಶ್ರೂಷಾಲಯಗಳಲ್ಲಿ ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಬ್ಬಂದಿಯು ಮಗುವಿನೊಡನೆ ಆಡುವಂತೆ ಮಾತನಾಡಿದಾಗ ರೋಗಿಗಳು ಶುಶ್ರೂಷೆಯನ್ನು ಪ್ರತಿಭಟಿಸುವುದು ಹೆಚ್ಚಾಗಿ ಕಂಡುಬಂದಿತು. ಮುಂದೆ ಇಂಥ ಸಿಬ್ಬಂದಿಗೆ ಒಂದೊಂದು ಗಂಟೆಯ 3 ಪಾಠಗಳನ್ನು ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಂಥ ಮಾತೂ ಕಡಮೆಯಾಯಿತು, ರೋಗಿಗಳ ಪ್ರತಿಭಟನೆಯೂ ತಗ್ಗಿತು. ಮಾತಿನ ರೀತಿ ಹುಟ್ಟುಗುಣವಲ್ಲ, ಅದನ್ನು ಕಲಿಸಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಪದವಿ ಪಡೆದು ದಶಕಗಳಾದ ವೈದ್ಯರೂ ಕಲಿಯಬೇಕಾದ ಪಾಠವಿದು. ಜೊತೆಗೆ ಬಂದ ಮಗನನ್ನಲ್ಲ, ಮೊದಲು ರೋಗಿಯನ್ನೇ ಮುಖ ನೋಡಿ ಮಾತನಾಡಿಸಬೇಕು. ಕನ್ನಡಕ, ಶ್ರವಣಯಂತ್ರಗಳು ಇವೆಯೆ ಎಂದು ವಿಚಾರಿಸಬೇಕು. ಒಂದು ವಾಕ್ಯದಲ್ಲಿ ಒಂದೇ ವಿಷಯವಿರಬೇಕು. ಉತ್ತರ ಬರುವವರೆಗೆ ಕಾಯಬೇಕು. ಸತ್ತ ತಾಯಿಯನ್ನು ಕಾಣಬೇಕೆಂದು ರೋಗಿ ಹಂಬಲಿಸಿದರೆ, ಆಕೆ ಸತ್ತು ಎಷ್ಟು ವರ್ಷವಾಯಿತೆಂದು ವಾದಿಸದೆ, ತಾಯಿಯ ವಿಷಯವನ್ನೇ ಕೇಳಿ ಆ ಹಂಬಲಕ್ಕೆ ಕಿವಿಗೊಡಬೇಕು. ನಮ್ಮ ಕನ್ನಡದಲ್ಲಿ ಇನ್ನೊಂದು ಎಚ್ಚರ ಬೇಕು: ‘ನೀವು’ ಎಂಬ ಗೌರವದಲ್ಲಿ ಬಾಳಿದ ಹಿರಿಯರನ್ನು, ತಿಳಿಯುವುದಿಲ್ಲವೆಂದು, ‘ನೀನು’ ಎನ್ನಬಾರದು.

2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೇಲ್ಪಟ್ಟವರಲ್ಲಿ ಶೇಕಡ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯದಿಂದ ಬಳಲುತ್ತಿದ್ದಾರೆ. ಆಲ್‌ಜೈಮರ್ ರೋಗದಲ್ಲಿ ಕಳೆದುಹೋದ ನೆನಪನ್ನು ಮರಳಿ ತರುವ ಔಷಧ ಇನ್ನೂ ದೊರೆತಿಲ್ಲ. ಅದು ದೊರೆಯುವವರೆಗೆ ಕಾಯದೆ ಇಂದೇ ಕೊಡಬಹುದಾದದ್ದು ಒಳ್ಳೆಯ ಮಾತು. ರೋಗಿಯು ಅದನ್ನು ಮರೆಯಬಹುದು. ಅದರಿಂದ ಬಂದ ನೆಮ್ಮದಿ ಮಾತ್ರ ಇನ್ನೂ ಕೊಂಚ ಹೊತ್ತು ಅವರೊಡನೆ ಇರುತ್ತದೆ.