ಮಗು ಮೊದಲ ಸಲ ಬಾಯಿಬಿಟ್ಟಾಗ

ಅಪರಾಧ ಎಂದೊಡನೆ ದೊಡ್ಡವರ ಕಣ್ಣಿಗೆ ಕಟ್ಟುವುದು ಟಿವಿಯಲ್ಲಿ ಕಂಡ ಕೊಲೆ, ಅಪಹರಣ. ಹೈಸ್ಕೂಲಿನ ಮಕ್ಕಳನ್ನು ಕೇಳಿ ನೋಡಿ, ಬೇರೆಯೇ ಸಂಗತಿಗಳು ಹೊರಬರುತ್ತವೆ. ನೂಕುನುಗ್ಗಲಿನ ಬಸ್ಸಿನಲ್ಲಿ ಬೇಕೆಂದೇ ಮೈಗೆ ತಾಗುವವನು, ಟ್ಯೂಷನ್ ದಾರಿಯಲ್ಲಿ ಬೈಕ್ ನಿಲ್ಲಿಸಿಕೊಂಡು ಚುಡಾಯಿಸುವ ಗುಂಪು, ಕೈಖರ್ಚಿನ ದುಡ್ಡು ಕಿತ್ತುಕೊಳ್ಳುವ ಸೀನಿಯರ್, ಫೋಟೊ ತಿರುಚಿ ಎಲ್ಲರಿಗೂ ಕಳಿಸುತ್ತೇನೆಂದು ಹೆದರಿಸುವ ಇನ್‌ಸ್ಟಾಗ್ರಾಂ ಖಾತೆ. ಎಷ್ಟೋ ಮಕ್ಕಳು ಇವನ್ನು ಅಪರಾಧವೆಂದು ಎಣಿಸುವುದೇ ಇಲ್ಲ. ‘ಇದೆಲ್ಲ ಇದ್ದದ್ದೇ’ ಎಂದುಕೊಂಡು ಬೇರೆ ದಾರಿ ಹಿಡಿಯುತ್ತಾರೆ, ಒಂದು ಬಸ್ ಬಿಟ್ಟು ಮುಂದಿನದಕ್ಕೆ ಕಾಯುತ್ತಾರೆ.

ನಮ್ಮ ಭಯ ಮಾತ್ರ ಅಪರಿಚಿತರ ಸುತ್ತಲೇ ಸುತ್ತುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಆದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಹೇಳುತ್ತಿದೆ. ‘ಗೊತ್ತಿಲ್ಲದವರ ಜತೆ ಮಾತಾಡಬೇಡ’ ಎಂಬ ಬುದ್ಧಿಮಾತೊಂದೇ ಸಾಲದು ಎನ್ನುವುದು ಇದಕ್ಕೇ.

ಹಾಗಾದರೆ ಮಕ್ಕಳು ಮನೆಯಲ್ಲಿ ಯಾಕೆ ಹೇಳುವುದಿಲ್ಲ? ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತು: ಫೋನ್ ಕಸಿದುಕೊಳ್ಳುತ್ತಾರೆ, ಟ್ಯೂಷನ್ ಬಿಡಿಸುತ್ತಾರೆ. ಹೆಣ್ಣುಮಗುವಾದರೆ ಕಾಲೇಜಿನ ಮಾತೇ ನಿಂತುಹೋಗಬಹುದು. ತಪ್ಪು ಇನ್ನೊಬ್ಬರದು, ಶಿಕ್ಷೆ ತನಗೆ. ‘ನೀನ್ಯಾಕೆ ಅಲ್ಲಿಗೆ ಹೋದೆ?’ ಎಂಬ ಪ್ರಶ್ನೆ ನಿಮ್ಮ ಗಾಬರಿಯಿಂದ ಬಂದದ್ದಿರಬಹುದು, ಮಗುವಿನ ಕಿವಿಗೆ ಅದು ಆರೋಪವಾಗಿಯೇ ಬೀಳುತ್ತದೆ. ‘ಹೇಳಿದ್ದು ಒಳ್ಳೇದಾಯ್ತು ಕಂದ, ನಿನ್ನದೇನೂ ತಪ್ಪಿಲ್ಲ’ ಎಂದು ಮೊದಲು ಹೇಳಿ. ಪೂರ್ತಿ ಕೇಳಿ. ಮುಂದಿನ ಹೆಜ್ಜೆಯನ್ನು ಮಗುವಿನ ಜತೆ ಕೂತೇ ಯೋಚಿಸಿ.

ಠಾಣೆಯ ಭಯ ಹೆತ್ತವರಿಗೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಪಡೆಯಬೇಕು. ಅಧಿಕಾರಿ ಸಮವಸ್ತ್ರದಲ್ಲಿರಬಾರದು, ಸಾಧ್ಯವಾದಷ್ಟೂ ಮಹಿಳೆಯಾಗಿರಬೇಕು, ತಂದೆತಾಯಿ ಅಥವಾ ಮಗು ನಂಬುವ ಯಾರಾದರೂ ಜತೆಗಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಕ್ಕಳ ಸಹಾಯವಾಣಿ 1098. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರಿಹೋಗುತ್ತದೆ. ಬೆದರಿಕೆ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಅವೇ ಸಾಕ್ಷಿ.

ಕೆಲವೊಮ್ಮೆ ನಮ್ಮ ಮಗುವೇ ಎದುರು ಬದಿಯಲ್ಲಿರುತ್ತದೆ. ‘ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ತೆಗೆದುಕೊಟ್ಟರೆ ಕಮಿಷನ್’ ಎಂದು ಗೆಳೆಯನೊಬ್ಬ ಕೇಳಿದಾಗ ಹದಿನೇಳರ ಹುಡುಗನಿಗೆ ಅದು ಸುಲಭದ ಪಾಕೆಟ್ ಮನಿಯಾಗಿ ಕಾಣುತ್ತದೆ. ಆ ದುಡ್ಡು ಯಾರೋ ವಂಚನೆಗೊಳಗಾದವರದು, ಪೊಲೀಸರು ಮೊದಲು ಹುಡುಕುವುದು ಖಾತೆ ಯಾರ ಹೆಸರಲ್ಲಿದೆ ಎಂಬುದನ್ನು. ಇದನ್ನು ಊಟದ ಹೊತ್ತಿನಲ್ಲಿ ಗದರದೆ ಬಿಡಿಸಿ ಹೇಳಿ. ಹಾಗೇನಾದರೂ ಸಿಕ್ಕಿಬಿದ್ದರೂ ದಾರಿ ಮುಚ್ಚಿಹೋಗಿರುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ. ಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ.